ಮೂರನೆಯ ಬಾಟಲಿ ಕೊಡದ ಬಾಯಮ್ಮ

ಅವರ ಎರಡು ಚಿನ್ನದ ಬಳೆಗಳು ಮಣಿಕಟ್ಟಿನಲ್ಲಿ ಇರುತ್ತಿರಲಿಲ್ಲ. ಮೊಣಕೈಯವರೆಗೆ ಮೇಲೆ ಸರಿಸಿ, ಹಳೆಯ ಟ್ಯೂಬಿನಿಂದ ಕತ್ತರಿಸಿದ ಕಪ್ಪು ರಬ್ಬರ್ ಪಟ್ಟಿಯಲ್ಲಿ ಬಿಗಿದಿಡುತ್ತಿದ್ದರು. ಪಟ್ಟಿಯಿಂದ ಕೆಳಗಿನ ಕೈಯೆಲ್ಲ ಗ್ರೀಸು. ಉಟ್ಟದ್ದು ಮಾತ್ರ ಇಸ್ತ್ರಿ ಮಾಡಿದ ಹತ್ತಿ ಸೀರೆ. ಹೊಸಂಗಡಿ ಪೇಟೆಯಲ್ಲಿ ಗಾಡಿಗಳ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟಿದ್ದ, ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹೆಂಗಸು. ನಮ್ಮ ಕಡೆ ಅವರ ಪೈಕಿ ಹೆಂಗಸರನ್ನೆಲ್ಲ ಬಾಯಮ್ಮ ಎಂದೇ ಕರೆಯುವುದು. ನನಗೂ ಅವರು ಬಾಯಮ್ಮ.

ಈಗ ಜನ ಅವರ ಬಗ್ಗೆ ಹೇಳುವುದು ಕೇಳಿದರೆ ಮೈ ಉರಿಯುತ್ತದೆ. "ಬಾಯಿ ಜೋರು, ಆದರೆ ಮನಸ್ಸು ಬೆಣ್ಣೆ" ಅಂತೆ. ಯಾವ ಬೆಣ್ಣೆ? ಅವರ ಮನಸ್ಸೂ ಜೋರೇ ಇತ್ತು. ಇನ್ನು ಕೆಲವರು, ಗಂಡ ಬ್ರೇಕ್ ಫೇಲಾಗಿ ಸತ್ತದ್ದರಿಂದ ಹಾಗಾದರು ಎಂದು ಕಥೆ ಕಟ್ಟಿದ್ದಾರೆ. ಗಂಡ ಸತ್ತದ್ದು ಸಕ್ಕರೆ ಕಾಯಿಲೆಯಲ್ಲಿ. ಒಬ್ಬ ಹೆಂಗಸು ಸರಿಯಾದದ್ದನ್ನು ಗಟ್ಟಿಯಾಗಿ ಹೇಳಿದರೆ ಅದಕ್ಕೊಂದು ಕಣ್ಣೀರಿನ ಕಾರಣ ಹುಡುಕದೆ ಇವರಿಗೆ ಸಮಾಧಾನವಿಲ್ಲ.

ನನ್ನದು ತೆಂಗಿನಕಾಯಿ ವ್ಯಾಪಾರ. ಶಾಲೆ ಅರ್ಧಕ್ಕೆ ಬಿಟ್ಟು ಸೈಕಲಿಗೆ ಗೋಣಿ ಕಟ್ಟಿಕೊಂಡು ಶುರು ಮಾಡಿದವನು. ಹೇಳಿದ ರೇಟಿಗೆ ಯಾವುದನ್ನೂ ಕೊಂಡವನಲ್ಲ. ಎದುರಿನವನ ಮುಖ ನೋಡಿ ಅವನು ಎಲ್ಲಿಯವರೆಗೆ ಇಳಿದಾನು ಎಂದು ಹೇಳಬಲ್ಲೆ. ಬಾಯಮ್ಮನ ಮುಖದಲ್ಲಿ ಮಾತ್ರ ಏನೂ ಕಾಣುತ್ತಿರಲಿಲ್ಲ. "ಮೀನು ಮಾರ್ಕೆಟಿಗೆ ಹೋಗು, ಅಲ್ಲಿ ಇಳಿಸ್ತಾರೆ" ಎನ್ನುತ್ತಿದ್ದರು. ಯಾರಾದರೂ ಇಂಥದ್ದು ಬೇಕು ಎಂದು ಬಂದರೆ ಅವರ ಮೊದಲ ಮಾತು ಒಂದೇ: "ಎಂತ ಬೇಕು ಅಂತ ಹೇಳ್ಬೇಡ. ಎಂತ ಆಗ್ತದೆ ಅಂತ ಹೇಳು."

ನನ್ನ ಹಳೆಯ ಪಿಕಪ್ಪಿಗೆ ಆಗ ಎರಡು ಉಪದ್ರ. ಬ್ರೇಕ್ ಆಯಿಲ್ ಕಡಿಮೆಯಾಗುತ್ತಿತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬಿಳಿ ಹೊಗೆ. ಬ್ರೇಕಿನವನು ಒಬ್ಬ ನೋಡಿ "ಆಯಿಲ್ ಹಾಕ್ತಾ ಇರಿ" ಎಂದ. ಇಂಜಿನಿನವನು ಇನ್ನೊಬ್ಬ ನೋಡಿ "ಪೂರ್ತಿ ಬಿಚ್ಚಬೇಕು" ಎಂದ. ಒಬ್ಬ ನೋಡಿದ್ದನ್ನು ಇನ್ನೊಬ್ಬ ಕೇಳಲೇ ಇಲ್ಲ. ಇಂಜಿನ್ ಬಿಚ್ಚುವ ಖರ್ಚು ಮುಂದೆ ಹಾಕಿ ನಾನು ಆಯಿಲ್ ಹಾಕುತ್ತ ಗಾಡಿ ಓಡಿಸಿದೆ.

ಒಂದು ದಿನ ವರ್ಕಾಡಿಯಿಂದ ಕಾಯಿ ತುಂಬಿಕೊಂಡು ಕಾಸರಗೋಡಿನ ಮಿಲ್ಲಿಗೆ ಹೊರಟಿದ್ದೆ. ಲೋಡಿನ ಇಬ್ಬರು ಕೆಲಸದವರು, ಕ್ಯಾಬಿನಿನಲ್ಲಿ ಸೆಕೆ ಎಂದು, ಕಾಯಿಯ ರಾಶಿಯ ಮೇಲೆ ಕೂತಿದ್ದರು. ನಮ್ಮಲ್ಲಿ ಅದು ಎಲ್ಲರೂ ಮಾಡುವುದೇ. ಹೊಸಂಗಡಿಯಲ್ಲಿ ಗಾಡಿ ನಿಲ್ಲಿಸಿ ಅಂಗಡಿಗೆ ಹೋದೆ.

"ಒಂದು ಬ್ರೇಕ್ ಆಯಿಲ್ ಬಾಯಮ್ಮ."

"ಇಲ್ಲ."

"ಹಿಂದೆ ಸಾಲಾಗಿ ಕಾಣ್ತಾ ಉಂಟಲ್ಲ!"

"ಉಂಟು. ನಿನಗೆ ಇಲ್ಲ. ಎರಡು ಬಾಟ್ಲಿ ತಗೊಂಡು ಹೋಗಿದ್ದಿ. ಅದು ಎಲ್ಲಿ ಹೋಯ್ತು?"

"ಎಲ್ಲಿಯಾದ್ರೂ ಲೀಕ್ ಇರ್ಬೇಕು."

"ನೆಲದಲ್ಲಿ ಬಿದ್ದದ್ದುಂಟಾ?"

"ಇಲ್ಲ."

"ಚಕ್ರದ ಒಳಗಡೆ?"

"ಅಲ್ಲಿಯೂ ಇಲ್ಲ."

"ಮತ್ತೆ ಎಂತ ಮಾರಾಯ, ನೀನು ಕುಡಿದದ್ದಾ?"

ಅಂಗಡಿಯಲ್ಲಿ ಇದ್ದವರೆಲ್ಲ ನಕ್ಕರು. ಲೋಡಿನ ಮೇಲೆ ಕೂತ ನನ್ನವರೂ ನಕ್ಕರು. ನನಗೆ ಪಿತ್ತ ನೆತ್ತಿಗೇರಿತು. "ನೀವು ಅಂಗಡಿ ಇಟ್ಟದ್ದು ಮಾರ್ಲಿಕ್ಕಾ, ಪಂಚಾಯ್ತಿ ಮಾಡ್ಲಿಕ್ಕಾ? ಆಚೆ ಅಂಗಡಿಯಲ್ಲಿ ತಗೊಳ್ತೇನೆ. ಅಲ್ಲಿ ಕಡಿಮೆಗೂ ಕೊಡ್ತಾರೆ."

"ಹೋಗು. ಹೋಗುವ ಮೊದಲು ಹೇಳು, ಇಂಜಿನ್ ಎಂತ ಮಾಡ್ತದೆ?"

"ಅದು ಬೇರೆ ವಿಷಯ. ಬಿಳಿ ಹೊಗೆ ಬರ್ತದೆ."

ಅವರು ಎದ್ದು ನಿಂತರು. ಅಂಗಡಿ ಗುಡಿಸುವ ಹಿಡಿಸೂಡಿಯಿಂದ ಒಂದು ಕಡ್ಡಿ ಎಳೆದುಕೊಂಡು ಹೊರಗೆ ಬಂದರು. ಸೀರೆ ಎತ್ತಿ ಸಿಕ್ಕಿಸಿ ನನ್ನ ಗಾಡಿ ಹತ್ತಿ ಪೆಡಲ್ ತುಳಿದು ಹಿಡಿದರು. ಅದು ಮೆಲ್ಲಮೆಲ್ಲನೆ ಕೆಳಗೆ ಹೋಯಿತು. ಇಳಿದಾಗ ಕೀ ಅವರ ಕೈಯಲ್ಲಿ ಇತ್ತು. ಬಾನೆಟ್ ಎತ್ತಿಸಿದರು. ಬ್ರೇಕಿನ ಬೂಸ್ಟರಿನಿಂದ, ಅಂದರೆ ಕಾಲಿನ ಒತ್ತಡಕ್ಕೆ ಬಲ ಕೊಡುವ ಡಬ್ಬಿಯಿಂದ, ಇಂಜಿನಿನ ಕಡೆ ಹೋಗುವ ಗಾಳಿಯ ಪೈಪನ್ನು ನನ್ನಿಂದಲೇ ಕಳಚಿಸಿ, ಆ ತೂತಿನಲ್ಲಿ ಕಡ್ಡಿ ಇಳಿಸಿದರು. ಒಣಗಿರಬೇಕಾದ ಜಾಗ. ಕಡ್ಡಿ ಅರ್ಧದವರೆಗೆ ಒದ್ದೆಯಾಗಿ ಬಂತು. ಮೂಸಿ ನೋಡಿ ನನ್ನ ಮೂಗಿಗೆ ಹಿಡಿದರು.

"ನಿನ್ನ ಬ್ರೇಕ್ ಆಯಿಲ್. ಮಾಸ್ಟರ್ ಸಿಲಿಂಡರಿನ ಸೀಲ್ ಹೋಗಿ ಇದರ ಒಳಗೆ ಇಳೀತಾ ಉಂಟು. ಇಲ್ಲಿಂದ ಇಂಜಿನ್ ಎಳ್ಕೊಂಡು ಹೊಗೆ ಬಿಡ್ತದೆ. ಕಾಯಿಲೆ ಎರಡಲ್ಲ, ಒಂದೇ. ಇಂಜಿನಿಗೆ ಎಂತದೂ ಆಗ್ಲಿಲ್ಲ."

ಅಂಥ ಹೊತ್ತಿನಲ್ಲೂ ನಾನು ನಾನೇ. "ಸರಿ, ನಾಳೆ ಮಾಡಿಸ್ತೇನೆ. ಈಗ ಒಂದು ಬಾಟ್ಲಿ ಹಾಕಿ ಲೋಡ್ ಮುಟ್ಟಿಸಿ ಬರ್ತೇನೆ. ಕೀ ಕೊಡಿ."

"ಕೊಡುದಿಲ್ಲ."

"ನನ್ನ ಗಾಡಿ! ಪೊಲೀಸರನ್ನು ಕರೀತೇನೆ!"

"ಕರಿ. ಅವರಿಗೂ ಈ ಕಡ್ಡಿ ತೋರಿಸ್ತೇನೆ." ಆಮೇಲೆ ಮೇಲೆ ಕೂತಿದ್ದವರ ಕಡೆ ಕೈ ತೋರಿಸಿದರು. ಸ್ವರ ಒಮ್ಮೆಗೇ ತಗ್ಗಿತ್ತು. ಅವರು ಕಿರುಚುವಾಗ ಆಗದ ಹೆದರಿಕೆ ನನಗೆ ಆಗ ಆಯಿತು. "ಕಾಯಿ ಉರುಳಿದ್ರೆ ಹೆಕ್ಕಬಹುದು. ಇವರು ಉರುಳಿದ್ರೆ ನೀನು ಹೆಕ್ತೀಯಾ?"

ಅವರಿಬ್ಬರೂ ನಗು ನಿಲ್ಲಿಸಿ ತೆಪ್ಪಗೆ ಇಳಿದರು. ಲೋಡನ್ನು ಬೇರೆ ಗಾಡಿಗೆ ದಾಟಿಸಿದೆವು. ಎದುರಿನ ಗ್ಯಾರೇಜಿನಲ್ಲಿ ಮಾಸ್ಟರ್ ಸಿಲಿಂಡರ್ ಬದಲಾಯಿತು, ಬೂಸ್ಟರ್ ಖಾಲಿ ಮಾಡಿದರು. ಕೆಲವು ದಿನಗಳಲ್ಲಿ ಹೊಗೆಯೂ ನಿಂತಿತು. ಇಂಜಿನ್ ಬಿಚ್ಚಬೇಕು ಎಂದವನು ಈಗಲೂ ಸಿಕ್ಕಿದರೆ ಹಲ್ಲು ಕಿರಿಯುತ್ತಾನೆ. ಅವನ ಮುಖ ಕಂಡರೆ ನನಗಾಗುವುದಿಲ್ಲ.

ಕೀ ಕೊಡುವಾಗ ಬಾಯಮ್ಮ ಒಂದು ಷರತ್ತು ಹಾಕಿದ್ದರು: "ಇನ್ನು ಗಾಡಿಯ ಹಿಂದೆ ಮನುಷ್ಯರನ್ನು ಕೂರಿಸ್ಬಾರ್ದು. ಬ್ರೇಕ್ ಎಷ್ಟು ಒಳ್ಳೇದಿದ್ರೂ."

ಹಳೆಯ ಗಾಡಿ ಇಟ್ಟವರಿಗೆ ಹೇಳುತ್ತೇನೆ, ಪುಕ್ಕಟೆ ತೆಗೆದುಕೊಳ್ಳಿ. ಇಂಜಿನ್ ಆಫ್ ಇರುವಾಗ ಬ್ರೇಕ್ ಪೆಡಲನ್ನು ಗಟ್ಟಿಯಾಗುವವರೆಗೆ ಮತ್ತೆ ಮತ್ತೆ ತುಳಿದು, ಕಾಲು ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಇಳಿದು ನಿಂತರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಇಳಿಯುತ್ತಲೇ ಹೋದರೆ ಗಾಡಿ ತೆಗೆಯಬೇಡಿ. ಆಯಿಲ್ ಕಾಣೆಯಾದರೆ ಅದು ಎಲ್ಲಿಗೋ ಹೋಗಿದೆ ಎಂದೇ ಅರ್ಥ. ಎಲ್ಲಿಗೆಂದು ಕೇಳದೆ ಬಾಟಲಿ ಮಾರುವವನು ನಿಮ್ಮ ಮಿತ್ರನಲ್ಲ.

ಹೆದ್ದಾರಿ ಅಗಲ ಮಾಡುವಾಗ ಅವರ ಅಂಗಡಿ ಹೋಯಿತು. ಒಳರಸ್ತೆಯ ಬಾಡಿಗೆ ಕೋಣೆಯಲ್ಲಿ ಮತ್ತೆ ಶುರು ಮಾಡಿದರು. ಜನ ಬರಲಿಲ್ಲ. ದೂರ ಎಂದು ನೆಪ ಹೇಳಿದರು. ನಿಜವೆಂದರೆ ಅಲ್ಲಿ ಉತ್ತರ ಕೊಡಬೇಕಾಗುತ್ತಿತ್ತು. ಪ್ರಶ್ನೆ ಕೇಳದ ಅಂಗಡಿಗಳ ಮುಂದೆ ಗಾಡಿಗಳು ಸಾಲುಗಟ್ಟಿದವು. ಸಿಟ್ಟು ಬಂದು ನಾನೊಮ್ಮೆ, "ಬಾಯಮ್ಮ, ನಿಮ್ಮ ನಾಲಗೆ ಸ್ವಲ್ಪ ಕಡಿಮೆ ಮಾಡಿ, ವ್ಯಾಪಾರ ಆಗ್ತದೆ" ಎಂದೆ.

"ವ್ಯಾಪಾರ ನಿನಗೆ ಗೊತ್ತುಂಟು. ನೀನು ಮಾಡು" ಎಂದರು, ತಲೆ ಎತ್ತದೆ.

ಕಳೆದ ವರ್ಷ ತೀರಿಕೊಂಡರು. ಸುದ್ದಿ ಬಂದಾಗ, ಮಣ್ಣು ಮಾಡುವ ಮೊದಲು ಮುಟ್ಟಬೇಕೆಂದು ಇಗರ್ಜಿಗೆ ಹೊರಟವರು ನಾವು ಏಳೆಂಟು ಮಂದಿ. ಬಿಳಿ ಅಂಗಿ ಹಾಕಿಕೊಂಡು ನನ್ನ ಕೆಲಸದವರು ಆಗಲೇ ಪಿಕಪ್ಪಿನ ಹಿಂದೆ ಹತ್ತಿ ಕೂತಿದ್ದರು. ಅಂದು ಕಾಯಿಯ ರಾಶಿಯ ಮೇಲೆ ಕೂತಿದ್ದ ಆ ಇಬ್ಬರೂ ಇದ್ದರು.

"ಇಳೀರಿ!"

"ಖಾಲಿ ಗಾಡಿ ಅಲ್ವಾ ಅಣ್ಣ. ಇವತ್ತು ಒಂದು ದಿನ. ಬಸ್ಸಿಗೆ ಕಾದ್ರೆ ಮುಖ ಕಾಣ್ಲಿಕ್ಕೆ ಸಿಗುದಿಲ್ಲ."

"ಇವತ್ತಂತೂ ಸಾಧ್ಯವೇ ಇಲ್ಲ. ಇಳೀರಿ ಅಂದೆ!" ಊರಿಗೆಲ್ಲ ಕೇಳುವಂತೆ ಬೊಬ್ಬೆ ಹೊಡೆದೆ. ಗೊಣಗುತ್ತ ಇಳಿದರು. ಎಲ್ಲರೂ ಬಸ್ಸಿಗೆ ಕಾದೆವು. ಬಸ್ಸು ತಡವಾಗಿ ಬಂತು.

ನಾವು ಮುಟ್ಟುವಾಗ ಮಣ್ಣು ಮುಚ್ಚಿ ಆಗಿತ್ತು. "ಗಾಡಿ ಇದ್ದವರು ಇಷ್ಟು ಬೇಗ ಬಂದದ್ದಾ?" ಎಂದು ಅವರ ಕಡೆಯವರೊಬ್ಬರು ಚುಚ್ಚಿದರು. ನಾನು ಮುಂದೆ ಹೋಗಿ ಹೂವು ಹರಡಿದ ಹಸಿ ಮಣ್ಣಿನ ಎದುರು ನಿಂತೆ. ಆ ಇಬ್ಬರೂ ನನ್ನ ಎರಡು ಬದಿಯಲ್ಲಿ ನಿಂತಿದ್ದರು, ಕೈಕಾಲು ಮುರಿಯದೆ, ಗಟ್ಟಿಯಾಗಿ, ಮುಖ ಊದಿಸಿಕೊಂಡು, ನನ್ನ ಜೊತೆ ಮಾತು ಬಿಟ್ಟು.