ಮಗಳ ಕೈಹಿಡಿದು ಬಂದ ಆಶಾ ಅಕ್ಕ

ಆಶಾ ಅಕ್ಕನ ಬಲಗೈಯ ಎರಡು ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. ಅವುಗಳ ಮೇಲೆ ಹಲ್ಲು ನಾಟಿದ ಗುರುತು ಬೆಳ್ಳಗೆ ಉಳಿದುಬಿಟ್ಟಿತ್ತು. ಮೂರ್ಛೆರೋಗದ ಮಾತು ಬಂದರೆ ಅವರು ಮೊದಲು ಆ ಕೈಯನ್ನೇ ಮುಂದೆ ಚಾಚುತ್ತಿದ್ದರು. “ಇದು ನನ್ನ ಮಗಳು ಕಚ್ಚಿದ್ದು ನೋಡ್ರಿ. ಫಿಟ್ಸ್ ಬಂದಾಗ ಬಾಯಾಗ ಬೆರಳು ಇಡಬ್ಯಾಡ್ರಿ, ಕೈಯಾಗ ಕಬ್ಬಿಣ ಹಿಡಸಬ್ಯಾಡ್ರಿ. ಮಗ್ಗಲಕ ಮಲಗಸ್ರಿ. ಲಗೂನ ನಿಲ್ಲಲಿಲ್ಲಂದ್ರ ಗಾಡಿ ತರಸ್ರಿ.”

ದುಂಡಸಿಯ ನಮ್ಮ ಓಣಿಗೆ ಅವರು ಆಶಾ ಕಾರ್ಯಕರ್ತೆ. ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ, ಎಲ್ಲರಿಗೂ ಆಶಾ ಅಕ್ಕ. ಯಾರ ಮನೆಗೆ ಹೋದರೂ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ನೇರ ಅಡಿಗೆಮನೆಗೆ ಹೋಗಿ, ಅಲ್ಲಿಯ ಹೆಂಗಸರ ಜೊತೆ ಮೆಂತ್ಯಪಲ್ಯ ಸೋಸುತ್ತಲೋ ಅವರೆಕಾಯಿ ಸುಲಿಯುತ್ತಲೋ ಮಾತಿಗಿಳಿಯುತ್ತಿದ್ದರು. “ಕೈಗೆ ಕೆಲಸ ಇದ್ರ ಬಾಯಿ ತಾನಾಗೇ ಬಿಚ್ಚಿಕೋತೈತಿ” ಎನ್ನುತ್ತಿದ್ದರು.

ನಾನು ಆಗ ಶಿಗ್ಗಾಂವದ ಕಾಲೇಜಿಗೆ ಹೋಗುತ್ತಿದ್ದೆ. ಒಂದು ದಿನ ಬಸ್‌ಸ್ಟ್ಯಾಂಡಿನಲ್ಲೇ ಫಿಟ್ಸ್ ಬಂದು ಬಿದ್ದೆ. ಅವ್ವ ಕಾಲೇಜು ಬಿಡಿಸಿ, ಬಿಸಿಲಿಗೆ ತಲೆ ಸುತ್ತಿತ್ತು ಎಂದು ಊರಿಗೆಲ್ಲ ಹೇಳಿದಳು. ಅದೇ ಸುಮಾರಿಗೆ ದೊಡ್ಡ ಆಸ್ಪತ್ರೆಯೊಂದರ ಡಾಕ್ಟರುಗಳು ಬಂದು ಹಾನಗಲ್ಲ, ಸವಣೂರು, ಹಿರೇಕೆರೂರು, ನಮ್ಮ ಶಿಗ್ಗಾಂವ ಕಡೆಯ ಆಶಾಗಳಿಗೆ ತರಬೇತಿ ಕೊಟ್ಟಿದ್ದರು. ಹಳ್ಳಿಯ ಕಾರ್ಯಕರ್ತೆಯರೇ ಮೂರ್ಛೆರೋಗವನ್ನು ಬೇಗ ಗುರುತಿಸಿ, ಗುಳಿಗೆ ತಪ್ಪದಂತೆ ನೋಡಿಕೊಂಡರೆ ಮಿದುಳಿಗಾಗುವ ಪೆಟ್ಟನ್ನು ತಡೆಯಬಹುದೇ ಎಂದು ತಿಳಿಯುವ ಸಂಶೋಧನೆ ಅದು.

ಆಶಾ ಅಕ್ಕ ನಮ್ಮ ಮನೆಗೂ ಬಂದು ಕೇಳಿದರು. “ನಮ್ಮ ಮನ್ಯಾಗ ಅಂಥಾ ಬ್ಯಾನಿ ಯಾರಿಗೂ ಇಲ್ರಿ” ಎಂದು ಅವ್ವ ಕಡ್ಡಿ ಮುರಿದಂತೆ ಹೇಳಿದಳು. ಅವರು ವಾದ ಮಾಡಲಿಲ್ಲ, ಎದ್ದು ಹೋದರು. ಮರುದಿನ ಮಗಳ ಕೈಹಿಡಿದುಕೊಂಡು ಬಂದರು.

ಮಗಳು ನನಗಿಂತ ಸ್ವಲ್ಪ ದೊಡ್ಡವಳು, ನೋಡಲು ಲಕ್ಷಣವಾಗಿದ್ದಳು. “ನೀ ಏನು ಓದಾಕತ್ತಿ?” ಎಂದು ನನ್ನನ್ನು ಕೇಳಿದಳು. ಹೇಳಿದೆ. ಚಹಾ ಕುಡಿದು ಕಪ್ಪು ಕೆಳಗಿಟ್ಟು ಮತ್ತೆ ಅದನ್ನೇ ಕೇಳಿದಳು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ ಕೇಳಿದಳು. ಅವ್ವ ನನ್ನ ಮುಖ ನೋಡಿದಳು.

“ಇಕಿಗೆ ಹಳೇದೆಲ್ಲ ನೆನಪೈತ್ರಿ. ಹೊಸಾದು ಒಂದೂ ನಿಲ್ಲಂಗಿಲ್ಲ” ಎಂದರು ಆಶಾ ಅಕ್ಕ. “ಸಣ್ಣಾಕಿ ಇದ್ದಾಗಿಂದ ಫಿಟ್ಸ್ ಇತ್ತು. ಗುಳಿಗಿ ತಗೊಂಡು ಆರಾಮ ಇದ್ಲು. ಮದುವಿ ಮಾಡಿಕೊಡಬೇಕಾದ್ರ, ಅತ್ತಿ ಮನಿಯವರ ಕಣ್ಣಿಗೆ ಬಿದ್ದೀತು, ಸ್ವಲ್ಪ ದಿನ ಗುಳಿಗಿ ಬಿಡವಾ ಅಂತ ನಾನಽ ಹೇಳಿದ್ನಿ. ಊರ ಮಂದಿಗೆಲ್ಲ ಗುಳಿಗಿ ಹಂಚಾಕಿ ನಾನು! ಅತ್ತಿ ಮನ್ಯಾಗ ಫಿಟ್ಸ್ ಒಂದರ ಹಿಂದ ಒಂದು ಬಂದು ನಿಲ್ಲಲೇ ಇಲ್ಲ. ಸುದ್ದಿ ಕೇಳಿ ನಾ ಓಡಿ ಹೋಗೂತನಕಾ ಅವರು ದೇವರ ಮುಂದ ಮಲಗಿಸಿಕೊಂಡು ಕುಂತಿದ್ರು. ದವಾಖಾನಿ ಮುಟ್ಟಸೂದರಾಗ ಮಿದುಳಿಗೆ ಪೆಟ್ಟು ಬಿದ್ದಿತ್ತು.”

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದಳು. ಆಮೇಲೆ ನನ್ನನ್ನು ಮುಂದಕ್ಕೆ ತಳ್ಳಿ, “ಈಕಿಗೂ ಐತ್ರಿ” ಎಂದಳು.

ಶಿಗ್ಗಾಂವದ ಆಸ್ಪತ್ರೆಗೆ ನನ್ನನ್ನು ಕರೆದುಕೊಂಡು ಹೋದವರೂ ಅವರೇ. ಅಲ್ಲಿ ಡಾಕ್ಟರು ಮಿದುಳಿನ ಚಿತ್ರವೊಂದನ್ನು ಬೆಳಕಿಗೆ ಹಿಡಿದು, ಫಿಟ್ಸ್ ಬಹಳ ಹೊತ್ತು ನಿಲ್ಲದಿದ್ದರೆ ಯಾವ ಭಾಗ ಸಾಯುತ್ತದೆ ಎಂದು ನನಗೆ ವಿವರಿಸುತ್ತಿದ್ದರು. ಹಿಂದೆ ನಿಂತಿದ್ದ ಆಶಾ ಅಕ್ಕ ಮೆಲ್ಲಗೆ ಕೇಳಿದರು: “ಸತ್ತ ಜಾಗಾ ಮತ್ತ ಚಿಗರತೈತೇನ್ರಿ, ಸರ್?” ಡಾಕ್ಟರಿಗೆ ಮಗಳ ಕತೆ ಗೊತ್ತಿತ್ತು. ಚಿತ್ರವನ್ನು ಕೆಳಗಿಟ್ಟು, “ಇಲ್ಲ ಅಕ್ಕಾ” ಎಂದರು. ಬಸ್ಸಿನಲ್ಲಿ ಊರಿನವರೆಗೂ ಆಶಾ ಅಕ್ಕ ಕಿಟಕಿಯ ಕಡೆಗೇ ಮುಖ ಮಾಡಿಕೊಂಡಿದ್ದರು. ಇಳಿದ ಮೇಲೆ ನನ್ನ ಗಲ್ಲ ಹಿಡಿದು, “ನೀ ಮಾತ್ರ ಗುಳಿಗಿ ತಪ್ಪಸಬ್ಯಾಡವಾ” ಎಂದರು.

ನಾನು ತಪ್ಪಿಸಲಿಲ್ಲ. ಕಾಲೇಜು ಮುಗಿಸಿದೆ, ಹೊಲಿಗೆ ಕಲಿತೆ, ಓಣಿಯಲ್ಲೇ ಅಂಗಡಿ ಇಟ್ಟೆ. ಅವರು ಮನೆಮನೆ ತಿರುಗಲು ಹೋಗುವಾಗ ಮಗಳನ್ನು ನನ್ನ ಹತ್ತಿರ ಕೂರಿಸಿ ಹೋಗುತ್ತಿದ್ದರು. ನಾನು ಯಾರೆಂದು ಅವಳಿಗೆ ಪ್ರತಿ ಸಲ ಹೊಸದಾಗಿ ಹೇಳುತ್ತಿದ್ದೆ.

ಹೋದ ಮಳೆಗಾಲದಲ್ಲಿ ಎದೆನೋವೆಂದು ಒಬ್ಬರೇ ಬಸ್ ಹತ್ತಿ ಆಸ್ಪತ್ರೆಗೆ ಹೋದ ಆಶಾ ಅಕ್ಕ ಜೀವಂತವಾಗಿ ಮರಳಲಿಲ್ಲ. ಅವರನ್ನು ಮಣ್ಣು ಮಾಡುವ ದಿನ, ಅವರು ಗುಳಿಗೆ ಹಿಡಿಸಿದ್ದವರೆಲ್ಲ ಬಂದಿದ್ದರು. ಮಗಳನ್ನು ನೋಡಿಕೊಳ್ಳಲು ಅವರ ಒಡಹುಟ್ಟಿದ ಅಕ್ಕ ಬಂದು ಆ ಮನೆಯಲ್ಲಿ ನೆಲೆಸಿದರು. ಹಗಲು ಮಾತ್ರ ಅವಳು ನನ್ನ ಅಂಗಡಿಯಲ್ಲೇ ಇರುತ್ತಾಳೆ.

ಮಣ್ಣು ಮುಗಿದ ಮೇಲೆ ಮೊದಲ ಸಲ ಅಂಗಡಿಗೆ ಬಂದಾಗ, “ನಮ್ಮವ್ವ ಎಲ್ಲಿ?” ಎಂದಳು. ನಿಜ ಹೇಳಿದೆ. ಎದೆ ಬಡಿದುಕೊಂಡು ಅತ್ತು, ನನ್ನ ತೊಡೆಯ ಮೇಲೆಯೇ ನಿದ್ದೆ ಹೋದಳು. ಎದ್ದು ಮುಖ ಒರೆಸಿಕೊಳ್ಳುತ್ತ, “ನಮ್ಮವ್ವ ಇನ್ನಾ ಬಂದಿಲ್ಲೇನ?” ಎಂದು ಕೇಳಿದಳು.

ಈಗ ಕೇಳಿದಾಗಲೆಲ್ಲ, ಮನೆಮನೆ ಸರ್ವೆಗೆ ಹೋಗಿದ್ದಾರೆ, ಬರುತ್ತಾರೆ ಎನ್ನುತ್ತೇನೆ. ಅವಳು ನಂಬುತ್ತಾಳೆ. ಸ್ವಲ್ಪ ಹೊತ್ತು ನಾನು ಹೊಲಿಯುವುದನ್ನು ನೋಡುತ್ತ ಕೂತು, ಪರಿಚಯವಿಲ್ಲದವರ ಹತ್ತಿರ ಕೇಳುವ ಹಾಗೆ ಸಂಕೋಚದಿಂದ ಕೇಳುತ್ತಾಳೆ:

“ನಿಮಗ ನಮ್ಮವ್ವನ ಗುರ್ತ ಐತೇನ್ರಿ? ಇಲ್ಲಂದ್ರ ತಡೀರಿ, ಬರ್ಲಿ, ಗುರ್ತ ಮಾಡಿಕೊಡ್ತೇನಿ. ಭಾಳ ಚಲೋ ಅದಾಳ್ರಿ ನಮ್ಮವ್ವ.”