ಲಕ್ಕವ್ವನ ಸೊಸೆ ಎಕ್ಸ್-ರೇ ಕಲಿತದ್ದು

ಕೋಮಲಳನ್ನು ಎಕ್ಸ್-ರೇ ಕಲಿಯಲು ಕಳಿಸಿದವಳು ಅವಳ ಅತ್ತೆ ಲಕ್ಕವ್ವ. ತವರಿನವರಲ್ಲ, ಗಂಡನೂ ಅಲ್ಲ. ಕಬ್ಬೂರಿನಲ್ಲಿ ಇವತ್ತಿಗೂ ಈ ಮಾತನ್ನು ನಂಬದವರಿದ್ದಾರೆ. ಲಕ್ಕವ್ವನಿಗೆ ಸಹಿ ಹಾಕಲೂ ಬರುತ್ತಿರಲಿಲ್ಲ. ಎಮ್ಮೆ, ಹೊಲ, ಡೇರಿ ಬಿಟ್ಟರೆ ಅವಳು ಬೇರೆ ವಿಷಯಕ್ಕೆ ಬಾಯಿ ಹಾಕಿದ್ದನ್ನು ಕಂಡವರಿಲ್ಲ.

ಕೋಮಲ ಕುಡಚಿ ಕಡೆಯ ಹುಡುಗಿ. ಪಿಯುಸಿ ಸೈನ್ಸ್ ಮುಗಿಸಿ ಮನೆಯಲ್ಲಿ ಕುಳಿತಿದ್ದಾಗ ಕಬ್ಬೂರಿನ ಭರತನೊಂದಿಗೆ ಮದುವೆಯಾಯಿತು. ಭರತನಿಗೆ ತಂದೆ ಇರಲಿಲ್ಲ. ಸ್ವಲ್ಪ ಹೊಲ, ಕಟ್ಟಿದ ಎಮ್ಮೆಗಳು, ತಾಯಿ ಲಕ್ಕವ್ವ, ಇಷ್ಟೇ ಸಂಸಾರ. ಮದುವೆಯಾದ ವರ್ಷದ ಮಳೆಗಾಲದಲ್ಲಿ ಎಮ್ಮೆಯೊಂದು ಬೆದರಿ ಹಗ್ಗ ಜಗ್ಗಿ, ಲಕ್ಕವ್ವ ದನದ ಮನೆಯ ಹಾಸುಗಲ್ಲಿನ ಮೇಲೆ ಬಿದ್ದಳು. ಎದ್ದು ನಿಲ್ಲಲು ಆಗಲಿಲ್ಲ. ಟಂಟಂ ಆಟೋದಲ್ಲಿ ಮಲಗಿಸಿಕೊಂಡು ಚಿಕ್ಕೋಡಿಗೆ ಒಯ್ದರು. ಎಕ್ಸ್-ರೇ ನೋಡಿ, ಸೊಂಟದ ಎಲುಬಿನಲ್ಲಿ ಸಣ್ಣ ಬಿರುಕು, ಆಪರೇಷನ್ ಬೇಡ, ಮಲಗಿರಬೇಕು ಎಂದರು ಡಾಕ್ಟರು.

ಮಲಗಿದ್ದಷ್ಟು ದಿನವೂ ಸೊಸೆಯೇ ಎಲ್ಲವನ್ನೂ ಮಾಡಿದಳು. ಒಂದು ಮಧ್ಯಾಹ್ನ ಮೈ ಒರೆಸುತ್ತಿದ್ದಾಗ ಲಕ್ಕವ್ವ ತಾನಾಗಿಯೇ ಮಾತು ತೆಗೆದಳು.

"ದವಾಖಾನ್ಯಾಗ ಫೋಟೋ ತಗ್ಯಾಂವ ಇದ್ದ ನೋಡ, ನಮ್ಮ ಭರತನ ವಯಸ್ಸಿನಾಂವ. ಸೀರಿ ಸರಸ್ರಿ ಅಂದ. ಕಾಲ ತಿರುವಿ ಇಟ್ಟ. ಅಂವ ಕೆಟ್ಟಂವ ಅಲ್ಲವ್ವಾ, ಅಂವನ ಕೆಲಸ ಅಂವ ಮಾಡಿದ. ಆದರ ನಾ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ನಿ. ಎಲುಬಿನ ಬ್ಯಾನಿಗಿಂತ ಅದ ಹೆಚ್ಚಾತು ನನಗ."

ಕೋಮಲ ಬಟ್ಟೆ ಹಿಂಡಿದಳು.

"ಆ ಖೋಲ್ಯಾಗ ಒಬ್ಬಾಕಿ ಹೆಣ್ಮಗಳು ಇರಬೇಕು," ಎಂದಳು ಲಕ್ಕವ್ವ. "ನೀ ಸೈನ್ಸ್ ಕಲ್ತಾಕಿ. ನೀ ಯಾಕ ಅದನ್ನ ಕಲೀಬಾರ್ದು?"

ಭರತ ಮೊದಲು ನಕ್ಕ. ಆಮೇಲೆ, "ಹಾಲು ಯಾರು ಹಿಂಡ್ತಾರ?" ಎಂದು ಕೇಳಿದ. "ನಾ ಇನ್ನೂ ಇದ್ದೀನಲ್ಲೋ," ಎಂದಳು ತಾಯಿ. ಎದ್ದು ಓಡಾಡುವಂತಾದ ಕೂಡಲೇ ಸೊಸೆಯನ್ನು ಕರೆದುಕೊಂಡು ತಾನೇ ಬಸ್ಸು ಹತ್ತಿ ಚಿಕ್ಕೋಡಿಯ ಪ್ಯಾರಾಮೆಡಿಕಲ್ ಕಾಲೇಜಿಗೆ ಹೋಗಿ, ಎಕ್ಸ್-ರೇ ಕೋರ್ಸಿಗೆ ಹೆಸರು ಹಚ್ಚಿಸಿ ಬಂದಳು.

ಮೊದಲ ವರ್ಷ ಕೋಮಲಳಿಗೆ ಎಲುಬುಗಳ ವರ್ಷ. ಕಾಲೇಜಿನಲ್ಲಿ ಗಾಜಿನ ಕಪಾಟಿನೊಳಗೆ ಒಂದು ಅಸ್ಥಿಪಂಜರ ನಿಂತಿತ್ತು. ಅದರ ಒಂದೊಂದು ಎಲುಬಿಗೂ ಇಂಗ್ಲಿಷಿನ ಹೆಸರು. ಮಷಿನ್ ಹಚ್ಚದೆಯೇ ಹುಡುಗಿಯರು ಒಬ್ಬರನ್ನೊಬ್ಬರು ಟೇಬಲ್ಲಿನ ಮೇಲೆ ಮಲಗಿಸಿ, ಯಾವ ಎಲುಬಿಗೆ ಕೈ ಹೇಗಿರಬೇಕು, ಕಾಲು ಹೇಗೆ ತಿರುಗಿರಬೇಕು ಎಂದು ಕಲಿಯುತ್ತಿದ್ದರು. ನಿಪ್ಪಾಣಿಯ ಸಾರಿಕಾ ಅವಳ ಜೋಡಿ. ಮರಾಠಿ ಮನೆಮಾತಿನ ಆ ಹುಡುಗಿ ಕನ್ನಡದಲ್ಲಿ ತಡವರಿಸಿದಾಗ ಕೋಮಲ ಹೇಳಿಕೊಡುವಳು. ಇಂಗ್ಲಿಷಿನಲ್ಲಿ ಕೋಮಲ ತಡವರಿಸಿದಾಗ ಅವಳು.

ಪಾಠ ಹೇಳುತ್ತಿದ್ದವರು ಸುಹಾಸ ಸರ್. ಬಹಳ ವರ್ಷ ಆಸ್ಪತ್ರೆಯಲ್ಲಿ ಕೆಲಸ ಮಾಡಿ ಕಾಲೇಜಿಗೆ ಬಂದವರು. ಎರಡು ಮಾತುಗಳನ್ನು ಅವರು ವರ್ಷವಿಡೀ ಹೇಳುತ್ತಿದ್ದರು. ಒಂದು, ಹೆಣ್ಣುಮಕ್ಕಳು ಯಾರೇ ಬರಲಿ, ಬಸಿರಿದ್ದಾರೇನು ಎಂದು ಕೇಳದೆ ಬಟನ್ ಒತ್ತಬಾರದು. ಇನ್ನೊಂದು, ಅಳುವ ಕೂಸನ್ನು ಹಿಡಿದುಕೊಳ್ಳಬೇಕಾದರೆ ಮನೆಯವರು ಹಿಡಿಯಬೇಕು, ನೀವಲ್ಲ. "ಅವರು ಒಮ್ಮೆ ಬಂದು ಹೋಗ್ತಾರ. ನೀವು ದಿನಾ ಇದ್ರಾಗ ಇರೋರು," ಎನ್ನುವರು.

ಸಂಜೆ ಮನೆಗೆ ಬಂದರೆ ಲಕ್ಕವ್ವ ಒಲೆಯ ಮುಂದೆ ಕಾಯುತ್ತಿರುತ್ತಿದ್ದಳು. "ಇವತ್ತ ಯಾವ ಎಲುಬ ಆತು?" ಎಂದು ಕೇಳುವಳು. ಕೋಮಲ ಅತ್ತೆಯ ಕೊರಳ ಕೆಳಗೆ ಬೆರಳಿಟ್ಟು "ಇದು ಕ್ಲಾವಿಕಲ್ ರಿ ಅತ್ತಿ," ಎಂದರೆ, ಲಕ್ಕವ್ವ ರೊಟ್ಟಿ ಬಡಿಯುತ್ತಲೇ "ಕಳವಿಕಲ್ಲ, ಕಳವಿಕಲ್ಲ" ಎಂದು ಬಾಯಿಪಾಠ ಮಾಡುವಳು. ಮರುದಿನ ಡೇರಿಯ ಸಾಲಿನಲ್ಲಿ ನಿಂತು ಅದನ್ನೇ ಬೇರೆ ಹೆಂಗಸರಿಗೆ ಹೇಳುವಳು. ಕೋಮಲ ಸಣ್ಣವಳಿದ್ದಾಗಲೇ ಅವಳ ತಾಯಿ ತೀರಿಕೊಂಡಿದ್ದಳು. ದಿನದ ಕೊನೆಗೆ, ಇವತ್ತು ಏನಾಯಿತು ಎಂದು ಕೇಳುವವರು ಅವಳಿಗೆ ಇದಕ್ಕೂ ಮೊದಲು ಯಾರೂ ಇರಲಿಲ್ಲ.

ಎರಡನೆಯ ವರ್ಷ ಆಸ್ಪತ್ರೆಯ ಎಕ್ಸ್-ರೇ ಕೋಣೆಯಲ್ಲಿ ತರಬೇತಿ. ಎದೆಗೆ, ಮೈಗೆ ತಾಕಿದ ಕಿರಣ ಅಳೆಯುವ ಒಂದು ಬ್ಯಾಜು, ಮೈಮೇಲೆ ಸೀಸದ ಭಾರದ ಏಪ್ರನ್. ಒಂದು ದಿನ ರಾಯಬಾಗ ಕಡೆಯ ಹೆಂಗಸೊಬ್ಬಳು ಕೂಸನ್ನು ಎತ್ತಿಕೊಂಡು ಬಂದಳು. ಕೂಸಿಗೆ ನ್ಯುಮೋನಿಯಾ ಇರಬಹುದೆಂದು ಎದೆಯ ಫೋಟೋ ಬರೆದುಕೊಟ್ಟಿದ್ದರು. ಕೂಸು ಕೈಕಾಲು ಬಡಿದು ಚೀರುತ್ತಿತ್ತು, ಉಸಿರು ಏರುತ್ತಿತ್ತು. ಕೋಮಲ ತಾಯಿಗೆ ಏಪ್ರನ್ ತೊಡಿಸಲು ಹೋದಾಗ ಅವಳು ತಲೆ ತಗ್ಗಿಸಿ, ತನಗೆ ಮತ್ತೆ ದಿನ ನಿಂತಿವೆ, ಬಸಿರಿರಬಹುದು ಎಂದಳು. ಗಂಡ ಔಷಧಿ ತರಲು ಹೋಗಿದ್ದ. ಹೊರಗೆ ಹೋಗಿ ಯಾರನ್ನಾದರೂ ಹುಡುಕಬಹುದಿತ್ತು. ಆದರೆ ಕೂಸಿನ ತುಟಿ ನೀಲಿಯಾಗುತ್ತಿರುವಂತೆ ಕೋಮಲಳಿಗೆ ಕಂಡಿತು. ತಾಯಿಯನ್ನು ಹೊರಗೆ ಕಳಿಸಿ, ಏಪ್ರನ್ ತೊಟ್ಟಿದ್ದ ತಾನೇ ಕೂಸಿನ ಎರಡೂ ಕೈ ಮೇಲೆತ್ತಿ ಹಿಡಿದಳು. ಸಾರಿಕಾ ಬಟನ್ ಒತ್ತಿದಳು. ಆ ಹೊತ್ತಿಗೆ ಕೂಸು ಅಳು ನಿಲ್ಲಿಸಿ ಅವಳ ಹೆಬ್ಬೆರಳನ್ನು ಹಿಡಿದುಕೊಂಡಿತ್ತು.

ಸುಹಾಸ ಸರ್‌ಗೆ ಗೊತ್ತಾದಾಗ, "ವಾರ್ಡಿನಿಂದ ಯಾರನ್ನರ ಕರೀಬೇಕಿತ್ತವ್ವಾ," ಎಂದು ಬೈದರು. ಕೋಮಲ ತಪ್ಪಾಯಿತೆಂದಳು. ಒಳಗೊಳಗೆ ಮಾತ್ರ ಅವಳಿಗೆ ಸಂತೋಷವೇ ಇತ್ತು.

ಕೆಲವು ವಾರಗಳಾದ ಮೇಲೆ ತಾನೂ ಬಸಿರೆಂದು ತಿಳಿಯಿತು. ಹಿಂದಕ್ಕೆ ಲೆಕ್ಕ ಹಾಕಿ ನೋಡಿದಳು. ಆ ಕೂಸನ್ನು ಹಿಡಿದ ದಿನ ಅವಳು ಆಗಲೇ ಬಸಿರಿದ್ದಳು.

ಲಕ್ಕವ್ವ ಆ ದಿನ ಓಣಿಯ ಮನೆಮನೆಗೂ ಸಕ್ಕರೆ ಹಂಚಿದಳು. ಮರುದಿನ ಕೋಮಲ ನೇರವಾಗಿ ಸುಹಾಸ ಸರ್ ಬಳಿಗೆ ಹೋದಳು. ಅವರು ಅವಳನ್ನು ಅಂದಿನಿಂದಲೇ ಎಕ್ಸ್-ರೇ ಕೋಣೆಯಿಂದ ತೆಗೆದು ಹೊರಗಿನ ಕಂಪ್ಯೂಟರಿನ ಮುಂದೆ ಕೂಡಿಸಿದರು. ಕೂಸನ್ನು ಹಿಡಿದದ್ದರಿಂದ ಏನಾದರೂ ಆದೀತೇ ಎಂದು ಅವಳು ಕೇಳಿದಾಗ, ಕುರ್ಚಿ ಎಳೆದು ಎದುರಿಗೆ ಕುಳಿತು ಹೇಳಿದರು.

"ಏಪ್ರನ್ ಹಾಕ್ಕೊಂಡಿದ್ದಿ. ಕಿರಣ ಬಿದ್ದದ್ದು ಕೂಸಿನ ಎದಿಮ್ಯಾಲ, ನಿನ್ನ ಮ್ಯಾಲಲ್ಲ. ನಿನ್ನ ಹೊಟ್ಟಿಗೆ ಹೋಗಿದ್ದು ಇದ್ದೂ ಇಲ್ಲದಷ್ಟು. ಅದರಿಂದ ಏನೂ ಆಗೂದಿಲ್ಲ. ನಾ ಧೈರ್ಯಕ್ಕ ಹೇಳಾಕತ್ತಿಲ್ಲ, ಇದ್ದದ್ದು ಹೇಳಾಕತ್ತೀನಿ."

"ಹೌದ್ರಿ ಸರ್, ಪುಸ್ತಕದಾಗೂ ಹಂಗ ಐತ್ರಿ," ಎಂದಳು ಕೋಮಲ.

ಮೂರನೆಯ ತಿಂಗಳು ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ಕಾಲೇಜಿನಲ್ಲಿರುವಾಗಲೇ ಕಿಬ್ಬೊಟ್ಟೆ ಹಿಂಡಿದಂತಾಗಿ ರಕ್ತ ಕಂಡಿತು. ಸಾರಿಕಾ ಅವಳನ್ನು ತೋಳು ಹಿಡಿದು ಆಸ್ಪತ್ರೆಗೆ ನಡೆಸಿಕೊಂಡು ಬಂದಳು. ಸ್ಕ್ಯಾನಿಂಗ್ ಮಾಡುವ ಡಾಕ್ಟರಮ್ಮ ದಿನವೂ ಕಾಣುವವರೇ. ಹೊಟ್ಟೆಯ ಮೇಲೆ ತಣ್ಣಗಿನ ಜೆಲ್ ಹಚ್ಚಿ ಪರದೆ ನೋಡಿದರು. ಮತ್ತೆ ನೋಡಿದರು. ಪರದೆಯ ಮುಂದೆ ಮುಖ ಹೇಗಿಟ್ಟುಕೊಳ್ಳಬೇಕು ಎಂಬುದನ್ನು ಕೋಮಲಳಿಗೂ ಕಲಿಸಿದ್ದರು, ಹಾಗಾಗಿ ಅವಳು ಡಾಕ್ಟರಮ್ಮನ ಮುಖ ನೋಡದೆ ಪರದೆಯತ್ತಲೇ ಕತ್ತು ಹೊರಳಿಸಿದಳು. ಮಿಣುಕಬೇಕಾದ ಜಾಗ ಯಾವುದೆಂದು ಅವಳಿಗೆ ಗೊತ್ತಿತ್ತು. ಅದು ಮಿಣುಕುತ್ತಿರಲಿಲ್ಲ.

"ಹಾರ್ಟ್ ಇಲ್ಲಲ್ರಿ ಮೇಡಂ," ಎಂದು ಅವಳೇ ಮೊದಲು ಹೇಳಿದಳು. ಡಾಕ್ಟರಮ್ಮ ಅವಳ ಕೈ ಹಿಡಿದುಕೊಂಡರು.

ಮನೆಗೆ ಬಂದ ಮೇಲೆ ನೆರೆಯ ಸಾವಕ್ಕ ನೋಡಲು ಬಂದಳು. ಬಾಗಿಲಲ್ಲಿ ಕುಳಿತು, ಒಳಗೆ ಕೇಳುವಂತೆಯೇ, "ದಿನಾ ಆ ಮಷಿನ್ ಮುಂದ ನಿಂತ್ರ ಹೊಟ್ಟ್ಯಾಗಿಂದು ಹ್ಯಾಂಗ ಉಳೀತೈತಿ," ಎಂದಳು. ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಓಣಿಯವರೆಲ್ಲ ಅದನ್ನೇ ಅಂದುಕೊಂಡಿದ್ದರು. ಭರತ ಅವಳ ಕಾಲೇಜಿನ ಚೀಲವನ್ನು ಅಟ್ಟದ ಮೇಲೆ ಎತ್ತಿಟ್ಟ.

ಲಕ್ಕವ್ವ ಬಾಣಂತಿಯನ್ನು ನೋಡಿಕೊಂಡಂತೆಯೇ ಸೊಸೆಯನ್ನು ನೋಡಿಕೊಂಡಳು. ಬಿಸಿನೀರು ಕಾಸಿದಳು, ತಲೆಗೆ ಎಣ್ಣೆ ಒತ್ತಿದಳು, ಗಂಜಿ ಕುಡಿಸಿದಳು. ಮಾತು ಮಾತ್ರ ನಿಂತುಹೋಗಿತ್ತು. ಅತ್ತೆ ತನ್ನ ಮೇಲೆ ಸಿಟ್ಟಾಗಿದ್ದಾಳೆಂದೇ ಕೋಮಲ ತಿಳಿದಳು. ಎದ್ದು ಓಡಾಡುವಂತಾದ ಮೇಲೆ, ಒಂದು ಬೆಳಿಗ್ಗೆ ಲಕ್ಕವ್ವ ದನದ ಮನೆಯಲ್ಲಿ ಎಮ್ಮೆಗೆ ಹಿಂಡಿ ಕಲಸುತ್ತಿದ್ದಾಗ, ಪಕ್ಕದಲ್ಲಿ ಹೋಗಿ ನಿಂತಳು.

"ಅತ್ತಿ, ನನ್ನ ಕೂಡ ಯಾಕ ಮಾತಾಡವಲ್ರಿ?"

ಲಕ್ಕವ್ವ ಬಕೆಟ್ಟಿನಿಂದ ಕೈ ತೆಗೆಯಲಿಲ್ಲ. "ಯಾವ ಬಾಯಿಲೆ ಮಾತಾಡ್ಲಿ? ನೀ ಮನ್ಯಾಗ ಕುಂತಿದ್ದಿ. ನಾನ ಕಳಸಿದ್ನಿ. ನನಗೊಂದು ನಾಚಿಕಿ ಆತಂತ ನಿನ್ನ ಆ ಖೋಲ್ಯಾಗ ಒಯ್ದು ನಿಲ್ಲಿಸಿದ್ನಿ. ನನ್ನ ಮೊಮ್ಮಗನ್ನ ನಾನ ತಿಂದ್ನಿ."

ಕೋಮಲ ಅವಳ ಪಕ್ಕದಲ್ಲೇ ಕೂತುಬಿಟ್ಟಳು. ಸರ್ ಹೇಳಿದ್ದನ್ನೆಲ್ಲ, ಪುಸ್ತಕದಲ್ಲಿ ಇದ್ದದ್ದನ್ನೆಲ್ಲ ತನಗೆ ಬಂದ ಹಾಗೆ ಹೇಳಿದಳು. ಸೀಸದೊಳಗಿಂದ ಕಿರಣ ದಾಟುವುದೇ ಕಷ್ಟ. ಮಷಿನ್ ಕಾಣದ ಊರುಗಳಲ್ಲೂ ಎಷ್ಟೋ ಬಸಿರು ಹೀಗೆ ಮೊದಲ ತಿಂಗಳುಗಳಲ್ಲೇ ಇಳಿಯುತ್ತವೆ. ಅದು ಯಾರ ತಪ್ಪೂ ಅಲ್ಲ. ಲಕ್ಕವ್ವ ಕಣ್ಣು ಒರೆಸಿಕೊಳ್ಳದೆ ಎಲ್ಲವನ್ನೂ ಕೇಳಿದಳು. ಕೊನೆಗೆ ಸೊಸೆಯ ಮುಖವನ್ನೇ ನೋಡಿ ಕೇಳಿದಳು.

"ಖರೇ ಹೇಳ. ಆ ಮಷಿನ್ನಿಂದ ಅಲ್ಲ ಅಂತ ನಿನ್ನ ಜೀವಕ್ಕ ಅನಸತೈತಿ?"

ಅಲ್ಲ ಎನ್ನಬೇಕಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಬಾಯಿ ತೆರೆಯುವಷ್ಟರಲ್ಲಿ ಕೋಮಲಳಿಗೆ ರಾಯಬಾಗದ ಆ ಕೂಸು, ಹೆಬ್ಬೆರಳಿಗೆ ಸುತ್ತಿಕೊಂಡ ಅದರ ಬೆರಳು ನೆನಪಾದವು. ಅದನ್ನು ಅವಳು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಒಂದು ಕ್ಷಣ ತಡವಾಯಿತು. ಆಮೇಲೆ "ಅಲ್ಲ ರಿ ಅತ್ತಿ," ಎಂದಳು. ಅಷ್ಟರಲ್ಲಿ ಲಕ್ಕವ್ವ ಅವಳ ಮುಖದಿಂದ ದೃಷ್ಟಿ ತೆಗೆದಾಗಿತ್ತು. "ನನ್ನ ಸಮಾಧಾನಕ್ಕ ಹೇಳ್ತಿ," ಎಂದು ಬಕೆಟ್ಟು ಎತ್ತಿಕೊಂಡು ಎಮ್ಮೆಯ ಕಡೆಗೆ ಹೋದಳು.

ಆ ವರ್ಷ ಕೋಮಲ ಕಾಲೇಜಿಗೆ ಹೋಗಲಿಲ್ಲ. ಸಾರಿಕಾ ಆಗಾಗ ಫೋನ್ ಮಾಡಿ, ಸರ್ ಕೇಳುತ್ತಿದ್ದಾರೆ, ಮುಂದಿನ ಬ್ಯಾಚಿನ ಜೊತೆ ಬಾ ಎನ್ನುತ್ತಿದ್ದಳು. ಮಳೆಗಾಲ ಬಂತು, ಎರಡನೆಯ ವರ್ಷದ ಕ್ಲಾಸುಗಳು ಮತ್ತೆ ಶುರುವಾದವು. ಕೋಮಲ ಏಣಿ ಹಾಕಿ ಚೀಲವನ್ನು ತಾನೇ ಇಳಿಸಿಕೊಂಡಳು. "ಮತ್ತ ಅಲ್ಲಿಗೇನ?" ಎಂದ ಭರತ. "ಅರ್ಧಕ್ಕ ಬಿಟ್ರ ಆಗಿದ್ದು ಆಗಲಾರದಂಗ ಆಗತೈತೇನ್ರಿ?" ಎಂದಳು ಕೋಮಲ. ಅವನು ಹೊಲಕ್ಕೆ ಹೋದ. ಲಕ್ಕವ್ವ ಹೋಗು ಎನ್ನಲಿಲ್ಲ, ಬೇಡವೆನ್ನಲೂ ಇಲ್ಲ. ಬೆಳಿಗ್ಗೆ ಎದ್ದು ಬುತ್ತಿ ಕಟ್ಟಿಕೊಟ್ಟಳು.

ಸಂಜೆ ಕೋಮಲ ಮನೆಗೆ ಬಂದಾಗ ಲಕ್ಕವ್ವ ಒಲೆಯ ಮುಂದೆಯೇ ಇರುತ್ತಿದ್ದಳು. ರೊಟ್ಟಿ ಬಡಿಯುವಳು, ಪಲ್ಯ ಬಡಿಸುವಳು, ಎಮ್ಮೆಯ ಮಾತಾಡುವಳು. ಎಲುಬಿನ ಹೆಸರು ಮಾತ್ರ ಮತ್ತೆಂದೂ ಕೇಳಲಿಲ್ಲ. ಒಮ್ಮೆ ಕೋಮಲ ತಾನಾಗಿಯೇ, "ಇವತ್ತ ತಲಿ ಎಲುಬಿನ ಫೋಟೋ ತಗಿಯಾಕ ಕಲಿಸಿದ್ರಿ ಅತ್ತಿ," ಎಂದು ಶುರು ಮಾಡಿದಳು. ಲಕ್ಕವ್ವ "ಹೂಂ" ಎಂದು ಒಲೆಗೆ ಕಟ್ಟಿಗೆ ನೂಕಿದಳು.

ಕೂಸನ್ನು ಹಿಡಿದ ಸಂಗತಿ ಅತ್ತೆಗೆ ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡಳು. ಹೇಳಿದರೆ ಆ ಭಾರ ಲಕ್ಕವ್ವನಿಂದ ಇಳಿದು ತನ್ನ ಮೇಲೆ ಬರುತ್ತದೆ, ಬರಲಿ, ಎಂದುಕೊಳ್ಳುವಳು. ಕೊನೆಯ ಪರೀಕ್ಷೆ ಮುಗಿಯಲಿ, ನಿಧಾನವಾಗಿ ಕೂತು ಹೇಳೋಣ ಎಂದು ಮುಂದೆ ಹಾಕಿದಳು. ಕಬ್ಬು ಕಡಿಯುವ ಸುಗ್ಗಿ ನಡೆದಿತ್ತು, ಪರೀಕ್ಷೆ ಇನ್ನೂ ದೂರವಿತ್ತು. ಲಕ್ಕವ್ವ ಎಮ್ಮೆಗೆ ಕಬ್ಬಿನ ಸೋಗೆ ತರಲು ಹೋದವಳು ಬದುವಿನ ಮೇಲೆ ಕುಸಿದಳು. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತು. ಬೆಳಗಾವಿಗೆ ಒಯ್ದರು. ಅಲ್ಲಿ ಅವಳಿಗೆ ಮತ್ತೆ ಎಚ್ಚರವಾಗಲಿಲ್ಲ. ವಾರದೊಳಗೆ ತೀರಿಕೊಂಡಳು.

ದಿನಕರ್ಮಗಳೆಲ್ಲ ಮುಗಿದು ನೆಂಟರು ಹೋದ ಮೇಲೆ ಕೋಮಲ ಗಂಡನ ಮುಂದೆ ಎಲ್ಲವನ್ನೂ ಹೇಳಿದಳು: ಆ ಕೂಸು, ಏಪ್ರನ್ನು, ದನದ ಮನೆಯಲ್ಲಿ ತಾನು ತಡವರಿಸಿದ್ದು. ಭರತ ಬೈಯಲಿ ಎಂದು ಅವಳು ಕಾಯುತ್ತಿದ್ದಳು.

"ಹೇಳಿದ್ರೂ ಅಷ್ಟ ಇತ್ತು," ಎಂದ ಅವನು. "ಆ ಕೂಸಿನ ಮುಂದ ನಿನ್ನ ನಿಲ್ಲಿಸಿದಾಕಿನೂ ನಾನ ಅಂತಿದ್ಲು ನಮ್ಮವ್ವ."

ಅದು ನಿಜವೆಂದು ಕೋಮಲಳಿಗೂ ಗೊತ್ತಾಯಿತು. ಆದರೂ ಅವಳ ಅಳು ನಿಲ್ಲಲಿಲ್ಲ.

ಈಗ ಅವಳು ಅಥಣಿಯ ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾಳೆ. ಕಾಗವಾಡ, ಉಗಾರ ಕಡೆಯ ಹೆಂಗಸರು ಅವಳ ಸರದಿ ಇದ್ದ ದಿನವೇ ನೋಡಿಕೊಂಡು ಬರುತ್ತಾರೆ. ಹೆಸರು ಗೊತ್ತಿಲ್ಲದವರು ಮರಾಠಿ ರೂಢಿಯಂತೆ ಎಕ್ಸ್-ರೇ ಬಾಯಿ, ಅಂದರೆ ಎಕ್ಸ್-ರೇ ಅಕ್ಕ, ಅನ್ನುತ್ತಾರೆ. ಸಾರಿಕಾಳ ಮದುವೆಯಾಗಿ ಅವಳಿಗೆ ಮಗಳು ಹುಟ್ಟಿದ್ದಾಳೆ. ಸಾರಿಕಾಳೂ ಇದೇ ಕೆಲಸದಲ್ಲಿದ್ದಾಳೆ. ಕೋಮಲಳಿಗೆ ಮಕ್ಕಳಾಗಿಲ್ಲ. ಯಾಕೆ ಎಂಬುದನ್ನು ಯಾವ ಡಾಕ್ಟರರೂ ಹೇಳಿಲ್ಲ, ಊರಿನವರು ಮಾತ್ರ ಹೇಳುತ್ತಾರೆ. ಅವಳು ಈಗ ಯಾರೊಂದಿಗೂ ವಾದ ಮಾಡುವುದಿಲ್ಲ.

ವಾರವಿಡೀ ಅಥಣಿಯಲ್ಲಿ ಬಾಡಿಗೆ ಕೋಣೆಯಲ್ಲಿದ್ದು ಶನಿವಾರ ಸಂಜೆ ಊರಿಗೆ ಬರುತ್ತಾಳೆ. ಭರತ ಎಮ್ಮೆಗಳಲ್ಲಿ ಒಂದನ್ನು ಉಳಿಸಿಕೊಂಡು ಉಳಿದವನ್ನು ಮಾರಿದ್ದಾನೆ. ಬಸ್ಸು ಬರುವ ಹೊತ್ತಿಗೆ ಮೋಟಾರ್ ಸೈಕಲ್ ತಂದು ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ನಿಲ್ಲುತ್ತಾನೆ. ಅವಳು ಇಳಿದು ಬಂದರೆ ಕೈಯಿಂದ ಚೀಲ ತೆಗೆದುಕೊಂಡು, "ಉಂಡಿಯೇನ?" ಎಂದು ಕೇಳುತ್ತಾನೆ. ಅವಳು ಇಲ್ಲವೆಂದು ತಲೆಯಾಡಿಸಿ ಹಿಂದೆ ಕೂರುತ್ತಾಳೆ.