ಸರ್ ಹೆಸರಿನ ಲಾಗಿನ್

ಕಳೆದ ತಿಂಗಳು ಉಡುಪಿಯ ಕ್ಲಿನಿಕ್ಕೊಂದರಲ್ಲಿ ರಕ್ತ ತೆಗೆಯುವ ಮೊದಲು ನರ್ಸ್ ನನ್ನ ತೋಳಿಗೆ ಸ್ಪಿರಿಟ್ ಹತ್ತಿ ಒರೆಸಿದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸರ್ ನೆನಪಾದರು. ಅವರ ಬೆರಳುಗಳಿಗೆ ಸದಾ ಅದೇ ವಾಸನೆ. ಫೈಬರ್ ಕೇಬಲಿನ ತುದಿಯನ್ನು ಸ್ಪಿರಿಟ್‌ನಲ್ಲಿ ಒರೆಸದೆ ಸ್ವಿಚ್ಚಿಗೆ ಚುಚ್ಚಲು ಯಾರನ್ನೂ ಬಿಡುತ್ತಿರಲಿಲ್ಲ. "ನೋವಾಯ್ತಾ?" ಎಂದು ನರ್ಸ್ ಕೇಳಿದರು. ಇಲ್ಲ ಎಂದೆ. ಸುಳ್ಳು ಹೇಳುವುದು ನನಗೆ ಹೊಸದೇನಲ್ಲ.

ಆಗ ನಾನು ಮಣಿಪಾಲದ ಒಂದು ಕಚೇರಿಯಲ್ಲಿದ್ದೆ. ಕಾರ್ಕಳದಿಂದ ಕಾಪುವಿನವರೆಗಿನ ಸಣ್ಣಪುಟ್ಟ ಲ್ಯಾಬುಗಳ ರಕ್ತಪರೀಕ್ಷೆ ವರದಿಗಳನ್ನು ಕಾಪಿಡುವುದು ನಮ್ಮ ಕೆಲಸ. ಒಂದು ಕಡೆ ಸರ್ವರುಗಳು, ಇನ್ನೊಂದು ಕಡೆ ಡಿಸ್ಕುಗಳು, ನಡುವೆ ಇವೆರಡನ್ನೂ ಜೋಡಿಸುವ ಸ್ಟೋರೇಜ್ ಸ್ವಿಚ್. ಸರ್ ಗಲ್ಫಿನಲ್ಲಿ ಇದೇ ಕೆಲಸ ಮಾಡಿ ಮರಳಿದವರು, ಕಾಪುವಿನ ಕೊಂಕಣಿ ಕ್ರೈಸ್ತರು. ನಾನು ಬಾಗಲಕೋಟೆ ಕಡೆಯವಳು. ನನ್ನ ಮಾತು ಕೇಳಿ ಉಳಿದವರೆಲ್ಲ ಕಿಸಕ್ಕನೆ ನಗುತ್ತಿದ್ದಾಗ, ನಗದೆ ಕೂರಿಸಿಕೊಂಡು ಕಲಿಸಿದವರು ಅವರೊಬ್ಬರೇ.

ಸ್ವಿಚ್ಚಿನ ಪ್ರತಿ ಪೋರ್ಟಿಗೂ, ಅಂದರೆ ಕೇಬಲ್ ಚುಚ್ಚುವ ಕಿಂಡಿಗೂ, ಒಂದು ಪಟ್ಟಿ ಇರುತ್ತದೆ. ಪಟ್ಟಿಯಲ್ಲಿ ಗುರುತಿನ ಸಂಖ್ಯೆ ಇದ್ದ ಯಂತ್ರಕ್ಕೆ ಮಾತ್ರ ಒಳಗೆ ದಾರಿ. ನಮ್ಮಲ್ಲಿ ಒಂದೊಂದು ಸರ್ವರಿನ ಹೊಟ್ಟೆಯಲ್ಲಿ ಸಾಫ್ಟ್‌ವೇರಿನಲ್ಲೇ ಕಟ್ಟಿದ ಎಂಟು ಹತ್ತು ವರ್ಚುವಲ್ ಯಂತ್ರಗಳು, ಪ್ರತಿಯೊಂದಕ್ಕೂ ಬೇರೆ ಸಂಖ್ಯೆ, ಬರುವುದು ಮಾತ್ರ ಒಂದೇ ಪೋರ್ಟಿನಿಂದ. ಸರ್ವರ್ ಕೆಟ್ಟರೆ ಅವು ಪಕ್ಕದ ಸರ್ವರಿಗೆ ಹೋಗಿ ಅದರ ಪೋರ್ಟಿನಿಂದ ಬರಬೇಕು. ಆದ್ದರಿಂದ ಪ್ರತಿ ಸಂಖ್ಯೆಯನ್ನೂ ಎರಡೂ ಪೋರ್ಟುಗಳ ಪಟ್ಟಿಯಲ್ಲಿ ಬರೆಯಬೇಕಿತ್ತು. "ಒಬ್ಬರು ಗಟ್ಟಿಯಾಗಿ ಓದಬೇಕು, ಒಬ್ಬರು ಟಿಕ್ ಹಾಕಬೇಕು ಮಾರಾಯ್ತಿ. ಬರೀ ಕಣ್ಣನ್ನು ನಂಬಿದ್ರೆ ಕೆಟ್ಟೆ" ಎನ್ನುತ್ತಿದ್ದರು. ಇಷ್ಟು ಜಾಗ್ರತೆಯ ಮನುಷ್ಯ ಒಂದು ವಿಷಯದಲ್ಲಿ ಮಾತ್ರ ಉದಾರಿ. ನಾವೆಲ್ಲ ಬಳಸುತ್ತಿದ್ದದ್ದು ಅವರ ಲಾಗಿನ್. ನನಗೂ ಒಂದು ಬೇಕೆಂದು ಕೇಳಿದರೆ, "ಬೇರೆ ಎಂತಕ್ಕೆ? ಒಂದೇ ಮನೆಯವರಲ್ವಾ?" ಎಂದುಬಿಟ್ಟಿದ್ದರು.

ಆ ಶನಿವಾರ ಅಜೆಕಾರಿನಲ್ಲಿ ಅವರ ತಂಗಿಯ ಮಗಳ ರೋಸ್, ಅಂದರೆ ಮದುವೆಗೆ ಮುನ್ನ ತೆಂಗಿನ ಹಾಲು ಹಚ್ಚುವ ಶಾಸ್ತ್ರ. ಬೆಳಿಗ್ಗೆಯಿಂದ ಅವರ ಫೋನು ಬಡಿದುಕೊಳ್ಳುತ್ತಲೇ ಇತ್ತು. ಅಂದೇ ಸ್ವಿಚ್ಚಿಗೆ ಹೊಸ ಪಟ್ಟಿ ಹಾಕಬೇಕಿತ್ತು. ಸರ್ ನಾಲ್ಕು ಸಾಲು ಟೈಪ್ ಮಾಡುತ್ತಿದ್ದರು, ಹೊರಗೆ ಹೋಗಿ ಮಾತಾಡುತ್ತಿದ್ದರು. ಅಷ್ಟರಲ್ಲಿ ನಾನು ಕೂತು ಮುಂದಿನ ನಾಲ್ಕು ಸಾಲು. ಮಧ್ಯಾಹ್ನ ಅವರು ಹೊರಟರು, ಉಳಿದದ್ದನ್ನು ಒಬ್ಬಳೇ ಮುಗಿಸಿದೆ. ಓದಲು ಯಾರೂ ಇರಲಿಲ್ಲ... ಇದ್ದರು, ಪಕ್ಕದ ಕೋಣೆಯಲ್ಲಿ ಇಬ್ಬರಿದ್ದರು. ಅವರನ್ನು ಕರೆಯಲು ನನಗೆ ಸೋಮಾರಿತನ, ಅಷ್ಟೆ. ಸಂಜೆ ಸರ್ ಫೋನ್ ಮಾಡಿದರು. ಹಿಂದೆ ಹೆಂಗಸರ ಹಾಡು ಕೇಳುತ್ತಿತ್ತು.

"ಓದಿ ನೋಡಿದ್ಯಲ್ವಾ?"

"ನೋಡೀನ್ರೀ ಸರ್, ಎಲ್ಲಾ ಬರೋಬ್ಬರಿ ಅದ."

ಹನ್ನೊಂದು ದಿನ ಏನೂ ಆಗಲಿಲ್ಲ. ಹನ್ನೆರಡನೆಯ ದಿನ ಒಂದು ಸರ್ವರ್ ಕೆಟ್ಟಿತು. ಅದರೊಳಗಿನ ಎಂಟು ವರ್ಚುವಲ್ ಯಂತ್ರಗಳು ಪಕ್ಕದ ಸರ್ವರಿಗೆ ಹೋದವು, ಅಲ್ಲಿನ ಪೋರ್ಟ್ ಅವುಗಳನ್ನು ಒಳಗೆ ಬಿಡಲಿಲ್ಲ. ಅರ್ಧ ಬರೆದಿದ್ದ ವರದಿಗಳೆಲ್ಲ ಹಾಳಾದವು. ಎಷ್ಟೋ ಜನ ಮತ್ತೆ ಖಾಲಿ ಹೊಟ್ಟೆಯಲ್ಲಿ ಬಂದು ರಕ್ತ ಕೊಡಬೇಕಾಯಿತು. ಪಟ್ಟಿ ತೆಗೆದು ನೋಡಿದರೆ ಆ ಎಂಟು ಸಂಖ್ಯೆಗಳು ಒಂದೇ ಪೋರ್ಟಿನಲ್ಲಿದ್ದವು. ನೋಡಿದ ತಕ್ಷಣ ನನಗೆ ಗೊತ್ತಾಯಿತು, ಅವು ಸರ್ ಹೋದ ಮೇಲೆ ನಾನು ಹಾಕಿದವು. ಸ್ವಿಚ್ಚಿನ ದಾಖಲೆಯಲ್ಲಿ ಮಾತ್ರ ಎಲ್ಲ ಸಾಲಿಗೂ ಅವರದೇ ಹೆಸರು.

ಮ್ಯಾನೇಜರ್ ಕರೆಯುವ ಮೊದಲು ಸರ್ ನನ್ನನ್ನು ಮೆಟ್ಟಿಲ ಹತ್ತಿರ ಕೇಳಿದರು: "ಇದು ನಾನು ಹಾಕಿದ್ದಾ, ನೀನಾ? ಆ ದಿನದ ಗಡಿಬಿಡಿಯಲ್ಲಿ ನನಗೆ ನೆನಪೇ ಇಲ್ಲ ಮಾರಾಯ್ತಿ."

ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. "ನೀವ ಹಾಕಿದ್ರೀ ಸರ್" ಎಂದೆ.

"ಹೌದಾ..." ಎಂದರು. ಒಂದಿಷ್ಟೂ ಅನುಮಾನಿಸಲಿಲ್ಲ. ಅನುಮಾನಿಸಿದ್ದರೆ, ಒಮ್ಮೆ ಗದರಿಸಿದ್ದರೆ, ಬಾಯಿ ಬಿಡುತ್ತಿದ್ದೆನೇನೋ. ಈ ಸಮಾಧಾನವನ್ನು ಎಷ್ಟೋ ಸಲ ಹೇಳಿಕೊಂಡಿದ್ದೇನೆ, ನಂಬಿಕೆ ಬಂದಿಲ್ಲ. ಅವರು ನೇರ ಒಳಗೆ ಹೋಗಿ ತಪ್ಪು ತನ್ನದೆಂದು ಒಪ್ಪಿಕೊಂಡರು. ಆ ವಾರವೇ ಅವರನ್ನು ಮನೆಗೆ ಕಳಿಸಿದರು. ನಾನು ಹತ್ತು ನಿಮಿಷದಲ್ಲಿ ಪಟ್ಟಿ ಸರಿಮಾಡಿ ಶಹಬ್ಬಾಸ್ ಅನ್ನಿಸಿಕೊಂಡೆ. ವರ್ಷ ತುಂಬುವ ಮೊದಲೇ ಅವರ ಕುರ್ಚಿಯೂ ಸಿಕ್ಕಿತು. ಆಮೇಲೆ ಒಂಬತ್ತು ವರ್ಷ, ಬಸ್ಸು ಕಾಪು ದಾಟುವಾಗೆಲ್ಲ ಮುಖ ಸಮುದ್ರದ ಕಡೆ ತಿರುಗಿಸಿಕೊಂಡೆ. ಥೂ ನನ್ನ ಜನ್ಮಕ್ಕೆ.

ಕ್ಲಿನಿಕ್ಕಿನಿಂದ ಬಂದವಳಿಗೆ ಮನಸ್ಸು ನಿಲ್ಲಲಿಲ್ಲ. ಮುಂದಿನ ಭಾನುವಾರ ಕಾಪುವಿನಲ್ಲಿ ಇಳಿದು, ಕೇಳಿಕೊಂಡು ಅವರ ಮನೆಗೆ ಹೋದೆ. ಅವರ ಹೆಂಡತಿ ಹೊಲಿಗೆ ಮೆಷಿನ್ ನಿಲ್ಲಿಸಿ ಕೂರಿಸಿದರು. ಸರ್ ತೀರಿಹೋಗಿ ಎರಡು ವರ್ಷವಾಗಿತ್ತು.

"ಕೆಲಸ ಹೋದ ಮೇಲೆ ಅವರಿಗೆ ಅವರ ಮೇಲೆಯೇ ನಂಬಿಕೆ ಇರ್ಲಿಲ್ಲ" ಎಂದರು. "ಬೀಗ ಹಾಕಿ ಸಹ ನನ್ನನ್ನು ಕರೆದು ನೋಡು ಅಂತಿದ್ರು. ಗ್ಯಾಸ್ ಬಂದ್ ಮಾಡಿದ್ದೇನಾ ನೋಡು ಅಂತಿದ್ರು. ಬೇರೆ ಕಡೆ ಕೆಲಸಕ್ಕೆ ಕರೆದ್ರು, ಹೋಗ್ಲಿಲ್ಲ. ನಾನು ಮಾಡಿದ್ದು ನನಗೇ ನೆನಪಿರುದಿಲ್ಲ, ಯಾರದ್ದಾದ್ರೂ ಜೀವಕ್ಕೆ ಕುತ್ತು ತಂದೇನು ಅಂತ."

ನಾನು ಹೇಳಿದೆ. ಎಲ್ಲವನ್ನೂ, ಮೆಟ್ಟಿಲ ಹತ್ತಿರದ ಆ ಒಂದು ಮಾತನ್ನೂ. ಅಳು ಬಂತು, ಅವರಿಗಲ್ಲ, ನನಗೆ. ಅವರು ಮೆಷಿನ್ನಿನ ಮೇಲಿದ್ದ ಬಟ್ಟೆಯನ್ನು ಸರಿಮಾಡಿಕೊಂಡರು.

"ಇದನ್ನು ಈಗ ನನಗೆ ಎಂತಕ್ಕೆ ಹೇಳುದು? ಅವರ ತಪ್ಪಲ್ಲ ಅಂತ ನನಗೆ ಯಾವಾಗ್ಲೂ ಗೊತ್ತುಂಟು. ಗೊತ್ತಿರದೆ ಹೋದದ್ದು ಅವರಿಗೆ."

ನಾನು ತಲೆ ಎತ್ತುವ ಮೊದಲೇ ಹೊಲಿಗೆ ಮೆಷಿನ್ ಮತ್ತೆ ಶುರುವಾಗಿತ್ತು.